ಅಂಬರ್ ಪಳೆಯುಳಿಕೆ: ಸಂಗ್ರಹಿಸಿ, ಗುರುತಿಸಿ, ಹೊಳಪು ಕೊಡುವ ಸಮಗ್ರ ಮಾರ್ಗದರ್ಶಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಯಾವ ಗುಡ್ಡದಲ್ಲೂ, ಯಾವ ಕ್ವಾರಿಯಲ್ಲೂ, ಯಾವ ಕೆರೆ ಅಂಗಳದಲ್ಲೂ ಅಂಬರ್ ಸಿಗುವುದಿಲ್ಲ. ಸುತ್ತಿಗೆ ಹಿಡಿದು ಭಾನುವಾರ ಹಾಳು ಮಾಡಿಕೊಳ್ಳುವ ಮೊದಲು ಇದು ಗೊತ್ತಿರಲಿ. ಅಂಬರ್ ಅಥವಾ ಶಿಲಾರಾಳ ಎಂದರೆ ಮರದಿಂದ ಸುರಿದ ರಾಳ ಕೆಸರಿನಡಿ ಹೂತುಹೋಗಿ, ಕೋಟ್ಯಂತರ ವರ್ಷಗಳಲ್ಲಿ ಗಟ್ಟಿಯಾದ ವಸ್ತು. ಮಧುಗಿರಿ ಬೆಟ್ಟದ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ, ಕೋಲಾರದ ಚಿನ್ನದ ಪಟ್ಟಿಯ ಶಿಲೆಗೆ ಸುಮಾರು 270 ಕೋಟಿ ವರ್ಷ. ಆ ಕಾಲಕ್ಕೆ ಭೂಮಿಯ ಮೇಲೆ ಮರವೇ ಇರಲಿಲ್ಲ, ರಾಳ ಎಲ್ಲಿಂದ ಬರಬೇಕು?

ಹಾಗಾಗಿ ನಮ್ಮ ಕಡೆ ಈ ಹವ್ಯಾಸ ಎಂದರೆ ಹೊರಗಿನ ಒರಟು ತುಂಡುಗಳನ್ನು ಕೊಂಡು ಅಥವಾ ಬದಲಾಯಿಸಿಕೊಂಡು, ಕೈಗೆ ಬಂದದ್ದು ನಿಜಕ್ಕೂ ಏನೆಂದು ಪತ್ತೆ ಮಾಡಿ, ಒಳಗಿನ ಕೀಟ ಕಾಣುವ ಹಾಗೆ ಹೊಳಪು ಕೊಡುವುದು. ಇದರಲ್ಲಿ ಕಷ್ಟದ ಭಾಗ ಪಾಲಿಶ್ ಅಲ್ಲ, ಪತ್ತೆ. ಒಂದೇ ಪರೀಕ್ಷೆಯಿಂದ ಅಂಬರ್ ಸಾಬೀತಾಗುವುದಿಲ್ಲ. ಗೊತ್ತಿರುವ ಮಾದರಿಗಳನ್ನು ಪಕ್ಕದಲ್ಲಿಟ್ಟುಕೊಂಡು, ತುಂಡಿಗೆ ಹಾನಿ ಮಾಡದ ಪರೀಕ್ಷೆಯಿಂದ ಹಾನಿ ಮಾಡುವ ಪರೀಕ್ಷೆಯ ಕಡೆಗೆ ಒಂದೊಂದೇ ಹೆಜ್ಜೆ ಹೋಗಬೇಕು.

ಎಲ್ಲಿಯ ಅಂಬರ್, ಎಷ್ಟು ಹಳೆಯದು

ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವುದು ಬಾಲ್ಟಿಕ್ ಸಮುದ್ರದ ಸುತ್ತಲಿನದು. ವಯಸ್ಸು ಸುಮಾರು 3.4ರಿಂದ 4.8 ಕೋಟಿ ವರ್ಷ. ಹೊಸಬರು ಇದರಿಂದಲೇ ಶುರು ಮಾಡುವುದು ಸರಿ: ಗಟ್ಟಿ ಇರುತ್ತದೆ, ಪಾಲಿಶ್ ಚೆನ್ನಾಗಿ ಹಿಡಿಯುತ್ತದೆ, ಸಣ್ಣ ಒರಟು ತುಂಡುಗಳು ಕೈಗೆಟುಕುವ ಬೆಲೆಗೆ ಸಿಗುತ್ತವೆ. ಡೊಮಿನಿಕನ್ ಗಣರಾಜ್ಯದ್ದು 1.5ರಿಂದ 2 ಕೋಟಿ ವರ್ಷದ್ದು, ಹೆಚ್ಚು ಪಾರದರ್ಶಕ, ಕೀಟಗಳು ಕನ್ನಡಿಯಷ್ಟು ಸ್ಪಷ್ಟ. ಮೆಕ್ಸಿಕೋದ ಚಿಯಾಪಾಸ್ ಅಂಬರ್ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು.

ಮ್ಯಾನ್ಮಾರ್‌ನ ಕಚಿನ್ ಅಂಬರ್‌ಗೆ ಸುಮಾರು 9.9 ಕೋಟಿ ವರ್ಷ. ಡೈನೋಸಾರ್ ಕಾಲದ ಕೀಟಗಳಿರುವ ಅದ್ಭುತ ವಸ್ತು ನಿಜ, ಆದರೆ ಆ ಗಣಿಗಳ ಸುತ್ತ ನಡೆದಿರುವ ಸಶಸ್ತ್ರ ಸಂಘರ್ಷಕ್ಕೆ ಆ ದುಡ್ಡು ಹರಿಯುತ್ತದೆ ಎಂಬ ಕಾರಣಕ್ಕೆ 2020ರಲ್ಲಿ ಕಶೇರುಕ ಪಳೆಯುಳಿಕೆ ತಜ್ಞರ ಅಂತರರಾಷ್ಟ್ರೀಯ ಸಂಘವೇ ಅದರ ಬಗ್ಗೆ ಎಚ್ಚರಿಕೆಯ ಪತ್ರ ಬರೆದಿದೆ. ಹವ್ಯಾಸಕ್ಕೆ ಅದು ಬೇಡ.

ನಮ್ಮ ದೇಶದ್ದೂ ಇದೆ. ಗುಜರಾತಿನ ಸೂರತ್ ಕಡೆಯ ವಸ್ತಾನ್, ತಡಕೇಶ್ವರ ಲಿಗ್ನೈಟ್ ಗಣಿಗಳಲ್ಲಿ 5 ಕೋಟಿ ವರ್ಷಕ್ಕೂ ಹಳೆಯ ಕ್ಯಾಂಬೆ ಅಂಬರ್ ಸಿಕ್ಕಿದೆ. 2010ರಲ್ಲಿ ಅದರೊಳಗಿನ ಕೀಟಗಳ ವಿವರ ಪ್ರಕಟವಾದ ಮೇಲೆ ಜಗತ್ತಿನ ಗಮನ ಸೆಳೆಯಿತು. ಅದನ್ನು ಸುರಿಸಿದ್ದು ಸಾಲ, ಧೂಪದ ಮರಗಳ ಕುಟುಂಬದ ಮರ. ದೇವರಾಯನದುರ್ಗದ ಕಾಡಿನಲ್ಲಿರುವ ಜಾಲಾರಿ ಮರವೂ ಅದೇ ಕುಟುಂಬದ್ದು! ಆದರೆ ಗಣಿಗಳು ಕಂಪನಿ ಸ್ವತ್ತು, ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಜಾಲಾರಿ ಮರಕ್ಕೆ ಕಚ್ಚು ಹಾಕಿ ರಾಳ ತೆಗೆಯುವುದೂ ಅರಣ್ಯ ಕಾಯ್ದೆ ಪ್ರಕಾರ ಅಪರಾಧ.

ಇನ್ನೊಂದು ಹೆಸರು ಗೊತ್ತಿರಬೇಕು: ಕೋಪಲ್. ಇದೂ ಮರದ ರಾಳವೇ, ಆದರೆ ಪೂರ್ತಿ ಗಟ್ಟಿಯಾಗದ ಎಳೆಯ ರಾಳ. ಮಡಗಾಸ್ಕರ್, ಕೊಲಂಬಿಯಾದ ಕೋಪಲ್ ಬಹುಪಾಲು ಕೆಲವು ನೂರು ವರ್ಷಗಳದ್ದು. ಅದರೊಳಗಿನ ಕೀಟ ನಿಜವಾದದ್ದೇ, ಕೋಟಿ ವರ್ಷ ಎಂಬ ಮಾತು ಮಾತ್ರ ಸುಳ್ಳು. 'ಕೊಲಂಬಿಯಾ ಅಂಬರ್', 'ಮಡಗಾಸ್ಕರ್ ಅಂಬರ್' ಎಂಬ ಚೀಟಿ ಕಂಡರೆ ಕೋಪಲ್ ಎಂದೇ ಎಣಿಸಿ. ಕೋಪಲ್ ಎಂದು ಹೇಳಿಯೇ ಮಾರಿದರೆ ಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಪಾಲಿಶ್ ಕಲಿಯಲು ಅದು ಅಗ್ಗದ ಸಾಮಗ್ರಿ.

ಊರಲ್ಲಿ ಸಿಗುವ 'ಅಂಬರ್'

ಹೊಲದಲ್ಲಿ, ಹಳ್ಳದಲ್ಲಿ ಹಳದಿ ಹೊಳಪಿನ ತುಂಡು ಸಿಕ್ಕರೆ ಅದು ಸಾಮಾನ್ಯವಾಗಿ ಮೂರರಲ್ಲಿ ಒಂದು. ಕಬ್ಬಿಣದ ಕಲೆ ಹಿಡಿದ ಬೆಣಚುಕಲ್ಲು, ಸವೆದ ಬಾಟಲಿ ಗಾಜು, ಇಲ್ಲವೇ ಮರದ ಅಂಟು. ಬೆಣಚು ಕೈಗೆ ತಣ್ಣಗಿರುತ್ತದೆ, ಭಾರ, ಗಾಜಿನ ಮೇಲೆ ಗೀರು ಹಾಕುತ್ತದೆ. ಗಾಜೂ ತಣ್ಣಗೆ, ಭಾರ. ಅಂಬರ್ ಮುಟ್ಟಿದರೆ ಬೆಚ್ಚಗೆ, ಪ್ಲಾಸ್ಟಿಕ್‌ನಷ್ಟೇ ಹಗುರ. ಜಾಲಿ, ಬೇವು, ಗೋಡಂಬಿ ಮರದ ಅಂಟನ್ನು ಒಂದು ಲೋಟ ನೀರಿನಲ್ಲಿ ರಾತ್ರಿಯಿಡೀ ಬಿಟ್ಟರೆ ಉಬ್ಬುತ್ತದೆ ಅಥವಾ ಕರಗುತ್ತದೆ. ರಾಳ, ಕೋಪಲ್, ಅಂಬರ್ ಯಾವುದೂ ನೀರಿನಲ್ಲಿ ಕರಗುವುದಿಲ್ಲ.

ಹಾಗೆಂದು ಊರಿನಲ್ಲಿ ಉಪಯೋಗದ್ದು ಏನೂ ಇಲ್ಲ ಎಂದಲ್ಲ. ಗ್ರಂಧಿಗೆ ಅಂಗಡಿಯಲ್ಲಿ 50 ಗ್ರಾಂ ರಾಳ, ಒಂದಿಷ್ಟು ಸಾಂಬ್ರಾಣಿ ತನ್ನಿ. ಹಳೆಯ ಸಿಡಿ ಡಬ್ಬಿಯ ತುಂಡು (ಇದು ಪಾಲಿಸ್ಟೈರೀನ್), ಬೋರ್ಡ್ ಬರೆಯುವವರ ಬಳಿ ಬಿದ್ದಿರುವ ಅಕ್ರಿಲಿಕ್ ಚೂರು, ಒಂದು ಗಾಜಿನ ಮಣಿ, ಸಿಕ್ಕರೆ ಒಂದು ಕೋಪಲ್ ತುಂಡು, ನಂಬಿಕಸ್ಥ ಮೂಲದಿಂದ ಬಂದ ಒಂದೇ ಒಂದು ಬಾಲ್ಟಿಕ್ ತುಂಡು. ಎಲ್ಲಕ್ಕೂ ಚೀಟಿ ಅಂಟಿಸಿ ಒಂದು ಡಬ್ಬಿಯಲ್ಲಿಡಿ. ಇದೇ ನಿಮ್ಮ ಹೋಲಿಕೆ ಪೆಟ್ಟಿಗೆ. ಮುಂದೆ ಬರುವ ಪ್ರತಿ ಪರೀಕ್ಷೆಯನ್ನೂ ಮೊದಲು ಈ ಪೆಟ್ಟಿಗೆಯ ಮೇಲೆ ಮಾಡಿ, ಆಮೇಲೆ ಗೊತ್ತಿಲ್ಲದ ತುಂಡಿನ ಮೇಲೆ. ಹೋಲಿಕೆ ಇಲ್ಲದ ಪರೀಕ್ಷೆಗೆ ಬೆಲೆಯಿಲ್ಲ.

ಕೊಳ್ಳುವಾಗ

ಪೂರ್ತಿ ಪಾಲಿಶ್ ಆದ ಆಭರಣಕ್ಕಿಂತ ಒರಟು ಸಿಪ್ಪೆ ಇರುವ, ಒಳಗೆ ಕಾಣುವಂತೆ ಒಂದು ಬದಿ ಮಾತ್ರ ಉಜ್ಜಿ ಕಿಟಕಿ ತೆರೆದ ತುಂಡು ಮೇಲು. ಸಿಪ್ಪೆಯನ್ನು ನಕಲು ಮಾಡುವುದು ಕಷ್ಟ. ತುಂಡು 1.5ರಿಂದ 3 ಸೆಂ.ಮೀ. ಇದ್ದರೆ ಕೈಯಲ್ಲಿ ಹಿಡಿದು ಉಜ್ಜಲು ಅನುಕೂಲ.

ಒಳಗೆ ಚೇಳು, ಹಲ್ಲಿ, ದೊಡ್ಡ ಜೀರುಂಡೆ, ರೆಕ್ಕೆ ಹರಡಿ ನಡುಮಧ್ಯೆ ಕುಳಿತ ಚಿಟ್ಟೆ ಕಂಡರೆ ಬಿಟ್ಟುಬಿಡಿ. ಜಿಗುಟಿನಲ್ಲಿ ಸಿಕ್ಕಿ ಒದ್ದಾಡಿ ಸತ್ತ ಜೀವ ಅಷ್ಟು ಅಚ್ಚುಕಟ್ಟಾಗಿ ಮಲಗಿರುವುದಿಲ್ಲ. ನಿಜವಾದ ಅಂಬರ್‌ನಲ್ಲಿ ಇರುವುದು ಬಹುಪಾಲು 1ರಿಂದ 5 ಮಿ.ಮೀ.ನ ನೊರಜು, ಇರುವೆ, ಸಣ್ಣ ಜೇಡ. ಕಾಲು ಮಡಚಿರುತ್ತದೆ, ಒಂದು ರೆಕ್ಕೆ ಸುಕ್ಕಾಗಿರುತ್ತದೆ, ಅಂಚಿನಲ್ಲೆಲ್ಲೋ ಓರೆಯಾಗಿ ಸಿಕ್ಕಿಕೊಂಡಿರುತ್ತದೆ.

ನಿಜವಾದ ಅಂಬರ್ ಕೊರೆದು, ಇಂದಿನ ಕೀಟವಿಟ್ಟು, ಕೃತಕ ರೆಸಿನ್ ಸುರಿದು ಮುಚ್ಚುವ ಕುತಂತ್ರವೂ ಇದೆ. ಬದಿಯಿಂದ ನೋಡಿದರೆ ಎರಡು ಪದರದ ಗೆರೆ, ಗೆರೆಯ ಮೇಲೆ ಸಾಲುಗಟ್ಟಿದ ಗುಳ್ಳೆ ಕಾಣುತ್ತದೆ. ಸಣ್ಣ ಚೂರುಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ 'ಒತ್ತಿದ ಅಂಬರ್' ಕೂಡ ಉಂಟು. ಅದರಲ್ಲಿ ಗುಳ್ಳೆಗಳು ಒಂದೇ ದಿಕ್ಕಿಗೆ ಎಳೆದಂತೆ ಉದ್ದವಾಗಿರುತ್ತವೆ, ಚೂರುಗಳ ಅಂಚು ಮಸುಕಾಗಿ ಕಾಣುತ್ತದೆ. ಅಂಬರ್ ಒಳಗೆ ನಾಣ್ಯದಂತಹ ಹೊಳೆಯುವ ದುಂಡು ಬಿರುಕುಗಳಿದ್ದರೆ ಅದನ್ನು ಬಿಸಿ ಮಾಡಿದ್ದಾರೆ ಎಂದರ್ಥ. ಅದು ಮೋಸವಲ್ಲ, ಆದರೆ ಕೀಟ ಸಂಗ್ರಹಕ್ಕೆ ಅಂಥದ್ದು ಬೇಡ.

ಗುರುತಿಸುವ ಕ್ರಮ

ಮೊದಲು ಉಪ್ಪುನೀರು. ಬಾಲ್ಟಿಕ್ ಅಂಬರ್‌ನ ಸಾಪೇಕ್ಷ ಸಾಂದ್ರತೆ 1.05ರಿಂದ 1.10. ಬರಿ ನೀರಿನಲ್ಲಿ ಮುಳುಗುತ್ತದೆ, ಗಾಢ ಉಪ್ಪುನೀರಿನಲ್ಲಿ ತೇಲುತ್ತದೆ. 200 ಮಿ.ಲೀ. ನೀರಿಗೆ 40 ಗ್ರಾಂ ಅಡುಗೆ ಉಪ್ಪು ತೂಗಿ ಹಾಕಿ, ಪೂರ್ತಿ ಕರಗುವವರೆಗೆ ಕಲಕಿದರೆ ಸಾಂದ್ರತೆ ಸುಮಾರು 1.12ಕ್ಕೆ ಬರುತ್ತದೆ. ಚಮಚದ ಲೆಕ್ಕ ಬೇಡ, ತೂಕವೇ ಸರಿ. ಕೋಲಾರದ ಕಡೆಯ ಗಡಸು ಬೋರ್‌ವೆಲ್ ನೀರಾದರೂ ಈ ಪರೀಕ್ಷೆಗೆ ತೊಂದರೆಯಿಲ್ಲ, ಲೀಟರಿಗೆ ಒಂದೆರಡು ಗ್ರಾಂ ಲವಣ ಸಾಂದ್ರತೆಯನ್ನು ಅಷ್ಟೇನೂ ಬದಲಿಸುವುದಿಲ್ಲ. ಬೇಕಿದ್ದರೆ ದೊಡ್ಡ ಬಾಟಲಿಯಲ್ಲಿ ಒಟ್ಟಿಗೆ ಮಾಡಿಟ್ಟುಕೊಳ್ಳಿ, ಮುಚ್ಚಳ ಬಿಗಿಯಾಗಿದ್ದರೆ ಕೆಡುವುದಿಲ್ಲ.

ತುಂಡನ್ನು ಒಂದು ಹನಿ ಪಾತ್ರೆ ತೊಳೆಯುವ ಸೋಪು ನೀರಿನಲ್ಲಿ ಒದ್ದೆ ಮಾಡಿ ಇಳಿಸಿ. ಇಲ್ಲದಿದ್ದರೆ ಮೇಲ್ಮೈಗೆ ಅಂಟಿದ ಗಾಳಿಗುಳ್ಳೆಗಳೇ ಅದನ್ನು ತೇಲಿಸಿಬಿಡುತ್ತವೆ. ಅಕ್ರಿಲಿಕ್ (1.17ರಿಂದ 1.20), ಹಳೆಯ ಕಾಲದ ಪ್ಲಾಸ್ಟಿಕ್‌ಗಳಾದ ಬೇಕಲೈಟ್ (1.25 ಮತ್ತು ಮೇಲೆ), ಸೆಲ್ಯುಲಾಯ್ಡ್, ಜೊತೆಗೆ ಗಾಜು ಎಲ್ಲ ಮುಳುಗುತ್ತವೆ. ಆದರೆ ಕೋಪಲ್ ತೇಲುತ್ತದೆ, ರಾಳ ತೇಲುತ್ತದೆ, ಸಿಡಿ ಡಬ್ಬಿಯ ಚೂರೂ ತೇಲುತ್ತದೆ! ಅಂದರೆ ಮುಳುಗಿದರೆ ಅಂಬರ್ ಅಲ್ಲ ಎನ್ನಬಹುದು, ತೇಲಿದರೆ ಅಂಬರ್ ಎನ್ನುವಂತಿಲ್ಲ. ಲೋಹದ ಕೊಕ್ಕೆ ಇರುವ ಪೆಂಡೆಂಟ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ. ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ, ಬಿರುಕಿನಲ್ಲಿ ಉಪ್ಪು ಉಳಿದರೆ ಬಿಳಿ ಹರಳು ಕಟ್ಟುತ್ತದೆ.

0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದ್ದರೆ ಸಂಖ್ಯೆಯನ್ನೇ ಪಡೆಯಬಹುದು. ತುಂಡನ್ನು ತೂಗಿ ಬರೆದುಕೊಳ್ಳಿ. ತಕ್ಕಡಿ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ. ತುಂಡನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವ ಸಂಖ್ಯೆಯಿಂದ ಮೊದಲ ತೂಕವನ್ನು ಭಾಗಿಸಿ. 5.40 ಗ್ರಾಂ ತುಂಡು 5.05 ತೋರಿಸಿದರೆ ಉತ್ತರ 1.07. ತುಂಡು 2 ಗ್ರಾಂಗಿಂತ ಕಡಿಮೆ ಇದ್ದರೆ ಲೆಕ್ಕದ ತಪ್ಪು ದೊಡ್ಡದಾಗುತ್ತದೆ, ನಂಬಬೇಡಿ.

ಎರಡನೆಯದು ನೇರಳಾತೀತ ಬೆಳಕು. 365 ನ್ಯಾನೋಮೀಟರ್‌ನ ಟಾರ್ಚ್ ಬೇಕು, ಗಾಜಿನ ಮುಂದೆ ಕಪ್ಪು ಫಿಲ್ಟರ್ ಇದ್ದರೆ ಉತ್ತಮ. ನೋಟು ಪರೀಕ್ಷಿಸುವ ಅಗ್ಗದ 395ರ ಟಾರ್ಚ್ ಎಲ್ಲವನ್ನೂ ನೇರಳೆ ಮಾಡಿ ದಾರಿ ತಪ್ಪಿಸುತ್ತದೆ. ಕತ್ತಲೆ ಕೋಣೆಯಲ್ಲಿ, ಕಪ್ಪು ಬಟ್ಟೆ ಮೇಲೆ ಹೋಲಿಕೆ ಪೆಟ್ಟಿಗೆಯ ತುಂಡುಗಳ ಜೊತೆಗಿಟ್ಟು ನೋಡಿ. ಬಾಲ್ಟಿಕ್‌ನ ಹೊಸದಾಗಿ ಉಜ್ಜಿದ ಮುಖ ಬಿಳಿನೀಲಿಯಾಗಿ ಬೆಳಗುತ್ತದೆ, ಹಳೆಯ ಸಿಪ್ಪೆ ಮಂಕು ಹಳದಿ. ಡೊಮಿನಿಕನ್‌ನಲ್ಲಿ ನೀಲಿ ಇನ್ನೂ ಗಾಢ. ಕೋಪಲ್ ಸಾಮಾನ್ಯವಾಗಿ ಮಸುಕು ಬಿಳಿ. ಕೊರೆದು ತುಂಬಿದ ನಕಲಿಯಲ್ಲಿ ತುಂಬಿದ ಜಾಗ ಬೇರೆ ಬಣ್ಣ ತೋರಿ ಸಿಕ್ಕಿಬೀಳುತ್ತದೆ, ಈ ಟಾರ್ಚ್‌ನ ದೊಡ್ಡ ಲಾಭ ಅದೇ. ಬೆಳಕನ್ನು ಕಣ್ಣಿಗೆ ಬಿಡಬೇಡಿ.

ಮೂರನೆಯದು ಅಸಿಟೋನ್. ಕೋಪಲ್ ಮತ್ತು ಬಾಲ್ಟಿಕ್ ಬೇರೆ ಮಾಡುವ ಮನೆಮಟ್ಟದ ಪರೀಕ್ಷೆ ಇದು. ತುಂಡಿನ ಹಿಂಬದಿಯ ಮೂಲೆಗೆ ಒಂದು ಹನಿ ಶುದ್ಧ ಅಸಿಟೋನ್ ಬಿಡಿ. ಹನಿ ಆರಿದರೆ ಇನ್ನೊಂದು ಬಿಟ್ಟು, ಒಟ್ಟು 30 ಸೆಕೆಂಡು ಒದ್ದೆ ಇರಲಿ. ಆಮೇಲೆ ಬೆರಳು ಒತ್ತಿ. ಕೋಪಲ್ ಜಿಗುಟಾಗುತ್ತದೆ, ಬೆರಳ ಗುರುತು ಮೂಡುತ್ತದೆ. ಪಾಲಿಸ್ಟೈರೀನ್ ಕರಗಿ ನೂಲೆಳೆಯುತ್ತದೆ. ಬಾಲ್ಟಿಕ್‌ಗೆ ಏನೂ ಆಗುವುದಿಲ್ಲ, ಹೆಚ್ಚೆಂದರೆ ಹೊಳಪು ಒಂದಿಷ್ಟು ಮಂಕಾಗುತ್ತದೆ. ಅಂಗಡಿ ರಾಳದ ಮೇಲೆ ಮೊದಲು ಮಾಡಿ ನೋಡಿದರೆ 'ಜಿಗುಟು' ಎಂದರೆ ಎಷ್ಟು ಎಂದು ಬೆರಳಿಗೇ ತಿಳಿಯುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತದೆ, ಕೆಲವದರಲ್ಲಿ ಅಸಿಟೋನೇ ಇರುವುದಿಲ್ಲ, ಚೀಟಿ ಓದಿ. ಒಲೆ, ದೀಪದ ಹತ್ತಿರ ಬೇಡ.

ಇದಕ್ಕೊಂದು ದೊಡ್ಡ ಅಪವಾದ ನಮ್ಮ ಗುಜರಾತಿನ ಅಂಬರ್. 5 ಕೋಟಿ ವರ್ಷವಾದರೂ ಅದರ ಅಣುಸರಪಳಿಗಳು ಬಾಲ್ಟಿಕ್‌ನ ಹಾಗೆ ಅಡ್ಡಡ್ಡ ಹೆಣೆದುಕೊಂಡಿಲ್ಲ. ಹಾಗಾಗಿ ಅದನ್ನು ದ್ರಾವಕದಲ್ಲಿ ಕರಗಿಸಿ ಒಳಗಿನ ಕೀಟವನ್ನೇ ಹೊರತೆಗೆಯಲು ವಿಜ್ಞಾನಿಗಳಿಗೆ ಸಾಧ್ಯವಾಗಿದೆ. ದ್ರಾವಕ ಪರೀಕ್ಷೆ ಅಳೆಯುವುದು ವಯಸ್ಸನ್ನಲ್ಲ, ಹೆಣಿಗೆಯನ್ನು. ಇದು ನೆನಪಿದ್ದರೆ ಕ್ಯಾಂಬೆ ತುಂಡಿಗೆ ಯಾರೂ ಅಸಿಟೋನ್ ಹಚ್ಚುವುದಿಲ್ಲ.

ಬಿಸಿ ಸೂಜಿ ಪರೀಕ್ಷೆಯನ್ನು ಎಲ್ಲರೂ ಮೊದಲು ಹೇಳುತ್ತಾರೆ, ಮಾಡಬೇಕಾದದ್ದು ಕೊನೆಗೆ, ಅದೂ ಬೇರೆ ದಾರಿಯಿಲ್ಲದಿದ್ದರೆ. ಕಾದ ಸೂಜಿಯ ತುದಿಯನ್ನು ಹಿಂಬದಿಗೆ ತಾಗಿಸಿದರೆ ಅಂಬರ್ ಗಡುಸಾಗಿ ಪ್ರತಿರೋಧಿಸಿ ಪೈನ್ ಮರದ ಹೊಗೆಯ ವಾಸನೆ ಬಿಡುತ್ತದೆ. ಕೋಪಲ್ ಬೆಣ್ಣೆಯ ಹಾಗೆ ದಾರಿ ಬಿಡುತ್ತದೆ, ಪ್ಲಾಸ್ಟಿಕ್ ಕಟು ವಾಸನೆ. ಹಳೆಯ ಮಣಿ ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಕೀಟವಿರುವ ತುಂಡಿಗಂತೂ ಈ ಪರೀಕ್ಷೆ ಬೇಡವೇ ಬೇಡ. ಅದರ ಬದಲು ಬ್ಲೇಡಿನಿಂದ ಅಂಚನ್ನು ಕೆರೆದು ನೋಡಿ: ಅಂಬರ್ ಪುಡಿಯಾಗಿ, ಚಕ್ಕೆಯಾಗಿ ಬರುತ್ತದೆ, ಪ್ಲಾಸ್ಟಿಕ್ ಸುರುಳಿಯಾಗಿ ಬರುತ್ತದೆ. ಉಣ್ಣೆಗೆ ಉಜ್ಜಿ ಕಾಗದದ ಚೂರು ಸೆಳೆಯುವ ಆಟ ಮಕ್ಕಳಿಗೆ ಚೆನ್ನ, ಪ್ಲಾಸ್ಟಿಕ್ಕೂ ಸೆಳೆಯುವುದರಿಂದ ಪರೀಕ್ಷೆಯಾಗಿ ಕೆಲಸಕ್ಕೆ ಬಾರದು.

ಬೆಲೆ ಹೆಚ್ಚಿನ ತುಂಡಾದರೆ ಬೆಂಗಳೂರಿನ ರತ್ನ ಪರೀಕ್ಷಾ ಪ್ರಯೋಗಾಲಯದಲ್ಲಿ ಇನ್ಫ್ರಾರೆಡ್ ವರ್ಣಪಟಲ ತೆಗೆಸಬಹುದು. ಬಾಲ್ಟಿಕ್ ಅಂಬರ್‌ಗೆ 1250ರಿಂದ 1150 ತರಂಗಸಂಖ್ಯೆಯ ನಡುವೆ ಚಪ್ಪಟೆ ಭುಜದಂತಹ ಗೆರೆ, ಅದರ ಪಕ್ಕಕ್ಕೇ ಚೂಪಾದ ಇಳಿತ ಬರುತ್ತದೆ. ಮನೆಯ ಪರೀಕ್ಷೆಗಳು ಅನುಮಾನ ಕಡಿಮೆ ಮಾಡುತ್ತವೆ, ತೀರ್ಪು ಕೊಡುವುದು ಇದು.

ಒಳಗೇನಿದೆ ನೋಡುವುದು

ಒರಟು ಸಿಪ್ಪೆಯ ಮೇಲೆ ಬೆಳಕು ಚದುರಿ ಒಳಗೆ ಏನೂ ಕಾಣದು. ತುಂಡನ್ನು ಗಾಜಿನ ಬಟ್ಟಲಲ್ಲಿ ಗ್ಲಿಸರಿನ್‌ನಲ್ಲಿ ಮುಳುಗಿಸಿ, ಕೆಳಗಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಸಿಪ್ಪೆ ಮಾಯವಾದಂತೆ ಒಳಭಾಗ ತೆರೆದುಕೊಳ್ಳುತ್ತದೆ. ಅಂಬರ್‌ನ ವಕ್ರೀಭವನಾಂಕ ಸುಮಾರು 1.54, ಗ್ಲಿಸರಿನ್‌ದು 1.47. ನೀರಿಗಿಂತ (1.33) ಅಂಬರ್‌ಗೆ ಹತ್ತಿರವಿರುವುದರಿಂದ ಹೀಗೆ. ಗಟ್ಟಿ ಸಕ್ಕರೆ ಪಾಕವೂ ಇದೇ ಕೆಲಸ ಮಾಡುತ್ತದೆ, ಆದರೆ ಒಳಗಿನ ಇರುವೆ ನೋಡುವಷ್ಟರಲ್ಲಿ ಹೊರಗಿನ ಇರುವೆಗಳು ಸಾಲು ಹಚ್ಚುತ್ತವೆ. ಅಡುಗೆ ಎಣ್ಣೆ ಬೇಡ, ಬಿರುಕಿಗೆ ಇಳಿದರೆ ತೆಗೆಯಲಾಗುವುದಿಲ್ಲ. ಐದು ನಿಮಿಷ ನೋಡಿ ತೊಳೆದುಬಿಡಿ.

ಅಕ್ಕಸಾಲಿಗರು ಬಳಸುವ 10 ಪಟ್ಟಿನ ಲೂಪ್ (ಸಣ್ಣ ಭೂತಗನ್ನಡಿ) ಶುರುವಿಗೆ ಸಾಕು. ಮುಂದೆ 20ರಿಂದ 40 ಪಟ್ಟಿನ ಸ್ಟೀರಿಯೋ ಮೈಕ್ರೋಸ್ಕೋಪ್ ಇದ್ದರೆ ಕುಟುಂಬದ ಮಟ್ಟಕ್ಕೆ ಗುರುತಿಸಬಹುದು.

ಕಾಲು ಎಣಿಸಿ: ಎಂಟಿದ್ದರೆ ಜೇಡ ಅಥವಾ ಅದರ ಬಂಧು, ಆರಿದ್ದರೆ ಕೀಟ. ರೆಕ್ಕೆ ಒಂದೇ ಜೊತೆಯಿದ್ದು ಅದರ ಹಿಂದೆ ಗುಂಡುಸೂಜಿ ತಲೆಯಂತಹ ಸಣ್ಣ ಕಡ್ಡಿಗಳಿದ್ದರೆ ನೊಣ, ನೊರಜಿನ ಗುಂಪು. ಬಾಲ್ಟಿಕ್‌ನಲ್ಲಿ ಸಿಗುವ ಕೀಟಗಳಲ್ಲಿ ಇವೇ ಹೆಚ್ಚು. ಮೀಸೆ ಉದ್ದವಾಗಿ ಮಣಿ ಪೋಣಿಸಿದಂತಿದ್ದರೆ ನೊರಜು, ಮೋಟಾಗಿದ್ದರೆ ನೊಣ. ಮೀಸೆ ಮೊಣಕೈಯಂತೆ ಮಡಚಿ, ಸೊಂಟದಲ್ಲಿ ಗಂಟಿದ್ದರೆ ಇರುವೆ. ಉದ್ದದ, ಒಂದೇ ಅಳತೆಯ ರೆಕ್ಕೆಗಳು ಮಾತ್ರ ಬಿದ್ದಿದ್ದರೆ ಅವು ಮಳೆಯಲ್ಲಿ ದೀಪಕ್ಕೆ ಬಂದು ರೆಕ್ಕೆ ಉದುರಿಸುವ ಗೆದ್ದಲಿನವು. ಡೊಮಿನಿಕನ್ ಅಂಬರ್‌ನಲ್ಲಿ ಮುಜಂಟಿಯಂತಹ ಕೊಂಡಿಯಿಲ್ಲದ ಜೇನು ಹೇರಳ. ಗೂಡು ಕಟ್ಟಲು ರಾಳ ತರಲು ಹೋಗಿ ಅಂಟಿಕೊಂಡವು ಅವು.

ಬಾಲ್ಟಿಕ್ ಎಂದು ಹೇಳಿದ ತುಂಡಿನಲ್ಲಿ ಎರಡು ಗುರುತು ಹುಡುಕಿ. ಕೀಟದ ಒಂದು ಬದಿಗೆ ಹಾಲಿನಂತಹ ಬಿಳಿ ಪೊರೆ, ಮತ್ತು ನಕ್ಷತ್ರದಾಕಾರದ ಸೂಕ್ಷ್ಮ ರೋಮಗಳು. ಈ ರೋಮ ಓಕ್ ಮರದವು. ಎರಡೂ ಇದ್ದರೆ ನಂಬಿಕೆ ಬಹಳ ಗಟ್ಟಿಯಾಗುತ್ತದೆ.

ಹೊಳಪು ಕೊಡುವುದು

ಅಂಬರ್‌ನ ಗಡಸುತನ 1ರಿಂದ 10ರವರೆಗಿನ ಮೋಹ್ಸ್ ಅಳತೆಯಲ್ಲಿ 2ರಿಂದ 2.5. ಉಜ್ಜಲು ಕಷ್ಟವೇ ಇಲ್ಲ, ಆ ಸುಲಭವೇ ಅಪಾಯ. ಅದರ ನಿಜವಾದ ಶತ್ರು ಬಿಸಿ. ಗ್ರಾನೈಟ್ ಕೆಲಸದವರ 4 ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಅದಕ್ಕೆ ಹಿಡಿದ ಅಂಬರ್ ಕ್ಷಣದಲ್ಲಿ ಜಿಗುಟಾಗಿ, ಬಳಿದುಕೊಂಡು, ಬಿರುಕು ಬಿಡುತ್ತದೆ. ಮೊದಲ ಹತ್ತು ತುಂಡುಗಳಿಗೆ ಯಂತ್ರದ ಮಾತೇ ಬೇಡ.

ಬೇಕಾದ ಸಾಮಾನು: ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ, ನಂಬರು ಏರಿದಷ್ಟೂ ನಯ) 220, 400, 600, 800, 1000, 1500, 2000 ನಂಬರಿನವು ಒಂದೊಂದು ಹಾಳೆ (ಕೊನೆಯ ಎರಡು ಕಾರ್ ಪೇಂಟ್ ಅಂಗಡಿಯಲ್ಲಿ ಖಂಡಿತ ಸಿಗುತ್ತವೆ), ಒಂದಡಿ ಚೌಕದ ದಪ್ಪ ಗಾಜು, ನಾಲ್ಕೈದು ಬಟ್ಟಲು, ಮೃದು ಹಲ್ಲುಜ್ಜುವ ಬ್ರಷ್, ಹಲಗೆಗೆ ಬಿಗಿದು ಕಟ್ಟಿದ ಹಳೆಯ ಜೀನ್ಸ್ ಅಥವಾ ಮೆದು ಚರ್ಮದ ತುಂಡು, ಸೀರಿಯಂ ಆಕ್ಸೈಡ್ ಪುಡಿ 50 ಗ್ರಾಂ. ಪುಡಿ ಸಿಗದಿದ್ದರೆ ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ನಡೆಯುತ್ತದೆ. ಮಾರ್ಬಲ್ ಪಾಲಿಶ್ ಪುಡಿ ತರಬೇಡಿ, ಅದರಲ್ಲಿ ಆಕ್ಸಾಲಿಕ್ ಆಮ್ಲ ಬೆರೆಸಿರುವುದುಂಟು. ಕಾರಿನ ರಬ್ಬಿಂಗ್ ಕಾಂಪೌಂಡ್, ಹಿತ್ತಾಳೆ ಪಾಲಿಶ್‌ಗಳಲ್ಲಿ ದ್ರಾವಕ ಇರುತ್ತದೆ, ಅವೂ ಬೇಡ.

ಶುರು ಮಾಡುವ ಮೊದಲು ತುಂಡನ್ನು ಉಗುರು ಬೆಚ್ಚಗಿನ ನೀರಲ್ಲಿ ತೊಳೆದು, ಕೀಟ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ತಿಳಿಯಿರಿ. ಮೇಲಿನಿಂದ ನೋಡಿ ಆಳ ಊಹಿಸುವುದು ಮೋಸ, ಬಾವಿಯ ತಳದಂತೆ ಕೀಟ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಮೊದಲು ಬದಿಯಲ್ಲಿ ಸಣ್ಣದೊಂದು ಕಿಟಕಿ ಉಜ್ಜಿ, ಅಲ್ಲಿಂದ ಸ್ಕೇಲ್ ಹಿಡಿದು ಅಳೆಯಿರಿ. ಕೀಟದ ಮೇಲೆ ಕನಿಷ್ಠ 2 ಮಿ.ಮೀ. ಅಂಬರ್ ಉಳಿಯುವಂತೆ ಗೆರೆ ಹಾಕಿಕೊಳ್ಳಿ. ಅದಕ್ಕಿಂತ ತೆಳುವಾದರೆ ಗಾಳಿ, ತೇವ ಒಳಗಿಳಿಯಲು ಒಂದು ಕೂದಲೆಳೆ ಬಿರುಕು ಸಾಕು. ಎದುರುಬದುರು ಎರಡು ಸಮಾನಾಂತರ ಕಿಟಕಿ ತೆರೆದರೆ ಕೆಳಗಿನಿಂದ ಬೆಳಕು ಬಿಟ್ಟು ಚೆನ್ನಾಗಿ ನೋಡಬಹುದು. ತುಂಡಿಗೆಲ್ಲ ಹೊಳಪು ಕೊಡಬೇಕಾಗಿಲ್ಲ, ಉಳಿದ ಸಿಪ್ಪೆಯೇ ಅದರ ಗುರುತುಚೀಟಿ.

ತುಂಬಾ ದಪ್ಪವಿದ್ದರೆ ಅಕ್ಕಸಾಲಿಗರ ಗರಗಸಕ್ಕೆ 2/0 ಬ್ಲೇಡ್ ಹಾಕಿ, ನೀರು ಹನಿಸುತ್ತ, ಒತ್ತದೆ ಕೊಯ್ಯಿರಿ. ಕೊನೆಯ 2 ಮಿ.ಮೀ.ನಲ್ಲಿ ತುಂಡು ತಾನೇ ಮುರಿಯಲು ನೋಡುತ್ತದೆ, ತಿರುಗಿಸಿ ಎದುರು ಬದಿಯಿಂದ ಕೊಯ್ದು ಮುಗಿಸಿ.

ಈಗ ಗಾಜಿನ ಮೇಲೆ ಸ್ವಲ್ಪ ನೀರು ಚೆಲ್ಲಿ 220ರ ಹಾಳೆ ಅಂಟಿಸಿ. ಹಾಳೆಯ ಮೇಲೂ ನೀರು, ಒಂದು ಹನಿ ಸೋಪು. ಬೆರಳಿನ ಭಾರವಷ್ಟೇ ಕೊಟ್ಟು ಎಂಟರ ಆಕಾರದಲ್ಲಿ ಉಜ್ಜಿ. ಸಿಪ್ಪೆ ಹೋಗಿ ಸಮತಟ್ಟಾದ ಮುಖ ಬರುವವರೆಗೆ ಮಾತ್ರ 220. ಕೀಟ ಮೇಲ್ಮೈಗೆ 4 ಮಿ.ಮೀ.ಗಿಂತ ಹತ್ತಿರವಿದ್ದರೆ 220 ಬಿಟ್ಟು 400ರಿಂದಲೇ ಶುರು ಮಾಡಿ.

400ಕ್ಕೆ ಬಂದಾಗ ಎಂಟರ ಆಕಾರ ಬಿಟ್ಟು ಒಂದೇ ದಿಕ್ಕಿಗೆ ಉಜ್ಜಿ. 600ಕ್ಕೆ ಹೋದಾಗ ತುಂಡನ್ನು ಕಾಲುಭಾಗ ತಿರುಗಿಸಿ ಅಡ್ಡಕ್ಕೆ ಉಜ್ಜಿ. ಹಿಂದಿನ ಕಾಗದದ ಗೀರುಗಳು ಅಡ್ಡಗೆರೆಗಳಾಗಿ ಎದ್ದು ಕಾಣುತ್ತವೆ, ಅವು ಒಂದೂ ಇಲ್ಲದಂತಾದಾಗ ಮಾತ್ರ ಮುಂದಿನ ನಂಬರು. ಓರೆ ಬೆಳಕಿನಲ್ಲಿ, ಒಣಗಿಸಿ, ಲೂಪ್ ಹಿಡಿದು ನೋಡಿ. ಒದ್ದೆ ಮೇಲ್ಮೈ ಎಲ್ಲ ಗೀರನ್ನೂ ಮುಚ್ಚಿಡುತ್ತದೆ. 2 ಸೆಂ.ಮೀ. ಮುಖಕ್ಕೆ ಒಂದೊಂದು ನಂಬರಿಗೆ 5ರಿಂದ 10 ನಿಮಿಷ ಸಾಮಾನ್ಯ. 600ರಲ್ಲಿ ಅವಸರ ಮಾಡಿದವರು 2000ದಲ್ಲಿ ಮತ್ತೆ 600ಕ್ಕೆ ಮರಳುತ್ತಾರೆ.

ಪ್ರತಿ ನಂಬರು ಮುಗಿದಾಗ ತುಂಡು, ಕೈ, ಉಗುರಿನ ಸಂದು, ಗಾಜು ಎಲ್ಲ ತೊಳೆದು, ನೀರಿನ ಬಟ್ಟಲು ಬದಲಿಸಿ. 400ರ ಒಂದೇ ಒಂದು ಕಣ 1500ರ ಹಾಳೆಗೆ ಬಂದರೆ ಅರ್ಧ ಗಂಟೆಯ ಕೆಲಸ ಹೋಯಿತು. ಒಣ ಉಜ್ಜುವಿಕೆ ಯಾವ ಹಂತದಲ್ಲೂ ಬೇಡ: ಬಿಸಿಯಾಗುತ್ತದೆ, ಕಾಗದ ಕಟ್ಟಿಕೊಳ್ಳುತ್ತದೆ, ಧೂಳು ಮೂಗಿಗೆ ಹೋಗುತ್ತದೆ. ಉಜ್ಜುವಾಗ ರಾಳದ ಸುವಾಸನೆ ಬಂದರೆ ಸಂತೋಷಪಡುವ ಮೊದಲು ಬೆರಳಿಟ್ಟು ನೋಡಿ, ಬೆಚ್ಚಗಿದ್ದರೆ ನಿಲ್ಲಿಸಿ ನೀರಲ್ಲಿ ತಣಿಸಿ.

2000 ಮುಗಿದಾಗ ಮುಖ ಮೊಟ್ಟೆ ಸಿಪ್ಪೆಯಷ್ಟು ಮಂದ ಹೊಳಪಿಗೆ ಬಂದಿರುತ್ತದೆ. ಒಂದು ಚಮಚ ಸೀರಿಯಂ ಆಕ್ಸೈಡ್‌ಗೆ ಎರಡು ಚಮಚ ನೀರು ಕಲಸಿ ಜೀನ್ಸ್ ಹಲಗೆಗೆ ತೆಳುವಾಗಿ ಸವರಿ. ಸಣ್ಣ ಸುತ್ತುಗಳಲ್ಲಿ 5ರಿಂದ 10 ನಿಮಿಷ ಉಜ್ಜಿ. ಬಟ್ಟೆ ಅರೆತೇವಕ್ಕೆ ಬಂದು ತುಂಡು ಸ್ವಲ್ಪ ಹಿಡಿದಂತಾಗುವ ಹೊತ್ತಿಗೆ ಹೊಳಪು ಏರುತ್ತದೆ. ಆ ಹಂತದಲ್ಲೇ ಬಿಸಿಯೂ ಏರುತ್ತದೆ, ಹಾಗಾಗಿ ಹತ್ತು ಸುತ್ತಿಗೊಮ್ಮೆ ಎತ್ತಿ, ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಕೊನೆಯ ತೊಳೆತಕ್ಕೆ ಬೋರ್‌ವೆಲ್ ನೀರು ಬೇಡ. ಗಡಸು ನೀರು ಒಣಗಿದಲ್ಲಿ ಸುಣ್ಣದ ಬಿಳಿ ಚುಕ್ಕೆ ಬಿಡುತ್ತದೆ, ಅದನ್ನೇ ಪಾಲಿಶ್ ಸರಿಯಾಗಿಲ್ಲ ಎಂದುಕೊಂಡು ಮತ್ತೆ ಉಜ್ಜುವವರಿದ್ದಾರೆ. ಶುದ್ಧ ಕುಡಿಯುವ ನೀರಿನ ಘಟಕದ ನೀರಲ್ಲಿ ಜಾಲಿಸಿ, ಹಳೆಯ ಪಂಚೆಯ ತುಂಡಿನಿಂದ ಒತ್ತಿ ಒರೆಸಿ.

ಕೋಪಲ್ ಮೇಲೆ ಅಭ್ಯಾಸ ಮಾಡುವಾಗ ಎಲ್ಲವನ್ನೂ ಅರ್ಧ ಒತ್ತಡದಲ್ಲಿ, ಹೆಚ್ಚು ನೀರಿನಲ್ಲಿ ಮಾಡಿ. ಗ್ರಂಧಿಗೆ ಅಂಗಡಿಯ ರಾಳ ಪಾಲಿಶ್‌ಗೆ ಆಗದು, ಬರೀ ಪುಡಿಯಾಗುತ್ತದೆ.

ಕೆಟ್ಟರೆ ಯಾಕೆ ಕೆಟ್ಟಿತು

ಹೊಳಪಿನ ನಡುವೆ ಒಂದೆರಡು ಆಳದ ಗೀರು ಉಳಿದಿದ್ದರೆ ಒರಟು ಕಣ ಮುಂದಿನ ಹಾಳೆಗೆ ಬಂದಿದೆ. ಪಾಲಿಶ್ ಪುಡಿಯಿಂದ ಅದು ಹೋಗದು, ಎರಡು ನಂಬರು ಹಿಂದೆ ಹೋಗಿ. ಮುಖವೆಲ್ಲ ಒಂದೇ ಸಮ ಮಂಕಾಗಿದ್ದರೆ 1000 ಅಥವಾ 1500ನ್ನು ಹಾರಿಸಿದ್ದೀರಿ. ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತಗ್ಗುದಿಣ್ಣೆಯಾದರೆ ಬಿಸಿಯಿಂದ ಮೆತ್ತಗಾಗಿ ಬಳಿದುಕೊಂಡಿದೆ. ತಣಿಸಿ, 800ರಿಂದ ಮತ್ತೆ ಶುರು ಮಾಡಿ. ಇದು ಪದೇಪದೇ ಆದರೆ ನಿಮ್ಮ 'ಅಂಬರ್' ಕೋಪಲ್ ಇರಬಹುದು, ಅಸಿಟೋನ್ ಪರೀಕ್ಷೆಗೆ ಮರಳಿ.

ಉಜ್ಜುತ್ತಿದ್ದಂತೆ ಕೀಟದ ಸುತ್ತ ಬೆಳ್ಳಿಯಂತಹ ಹೊಳಪು ತಟ್ಟನೆ ಮೂಡಿದರೆ ಬಿರುಕು ಅದನ್ನು ಮುಟ್ಟಿ ಗಾಳಿ ಹೊಕ್ಕಿದೆ. ತಕ್ಷಣ ನಿಲ್ಲಿಸಿ, ಒಣಗಿಸಿ, ಆ ಬದಿಯನ್ನು ಇನ್ನು ಮುಟ್ಟಬೇಡಿ. ಎಣ್ಣೆ, ಇನ್‌ಸ್ಟಂಟ್ ಅಂಟು ಹಾಕಿ ಮುಚ್ಚಲು ಹೋದರೆ ಕೀಟ ಪೂರ್ತಿ ಹಾಳು. ಸಂಗ್ರಹಾಲಯಗಳಲ್ಲಿ ನಿರ್ವಾತದಲ್ಲಿ ವಿಶೇಷ ಎಪಾಕ್ಸಿ ತುಂಬುತ್ತಾರೆ, ಅದು ಮನೆಯ ಕೆಲಸವಲ್ಲ.

ಇಟ್ಟುಕೊಳ್ಳುವುದು, ಬರೆದಿಡುವುದು

ಬಿಸಿಲು, ಗಾಳಿಯ ಆಮ್ಲಜನಕ, ಏರಿಳಿಯುವ ತೇವ ಸೇರಿ ಅಂಬರನ್ನು ಕೆಂಪಾಗಿಸಿ, ಮೇಲ್ಮೈಯನ್ನು ಜೇಡನ ಬಲೆಯಂತೆ ಬಿರುಕಾಗಿಸುತ್ತವೆ. ಗಾಜಿನ ಶೋಕೇಸ್‌ನಲ್ಲಿ ಬಲ್ಬಿನಡಿ ಇಡುವುದು, ಮೇ ತಿಂಗಳಲ್ಲಿ ಕಾರಿನೊಳಗೆ ಬಿಡುವುದು ಎರಡೂ ಒಂದೇ ತಪ್ಪು. ಗಾಳಿಯಾಡದ ಸಣ್ಣ ಪಾಲಿಥಿನ್ ಚೀಲದಲ್ಲಿ ಹಾಕಿ, ಡಬ್ಬಿಯಲ್ಲಿ, ಮನೆಯ ತಂಪು ಕೋಣೆಯ ಬೀರುವಿನಲ್ಲಿಡಿ. ಅದೇ ಬೀರುವಿನಲ್ಲಿ ನುಸಿ ಗುಳಿಗೆ, ಕರ್ಪೂರ, ಸೆಂಟು ಇರಬಾರದು, ಅವುಗಳ ಆವಿ ಮೇಲ್ಮೈಯನ್ನು ಮೆತ್ತಗಾಗಿಸುತ್ತದೆ.

ಪ್ರತಿ ಚೀಲದೊಳಗೆ ಒಂದು ಚೀಟಿ: ಕ್ರಮಸಂಖ್ಯೆ, ಮಾರಿದವರು ಹೇಳಿದ ಮೂಲ, ಕೊಂಡ ದಿನ, ತೂಕ, ಸಾಂದ್ರತೆ, ನೇರಳಾತೀತದಲ್ಲಿ ಕಂಡ ಬಣ್ಣ, ಅಸಿಟೋನ್ ಫಲಿತಾಂಶ, ಒಳಗಿನ ಜೀವ. 'ಮಾರಿದವರು ಹೇಳಿದ್ದು' ಮತ್ತು 'ಪರೀಕ್ಷೆಯಲ್ಲಿ ಕಂಡದ್ದು' ಬೇರೆ ಬೇರೆ ಸಾಲಿನಲ್ಲಿರಲಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಉಜ್ಜುವ ಮೊದಲಿನ ಚಿತ್ರವನ್ನೂ ತೆಗೆದಿಡಿ. ಅಪರೂಪದ ಜೀವ ಎಂದು ಅನ್ನಿಸಿದರೆ ಆ ತುಂಡನ್ನು ಇನ್ನಷ್ಟು ಉಜ್ಜದೆ ತಜ್ಞರಿಗೆ ಚಿತ್ರ ಕಳಿಸಿ. ಭಾರತೀಯ ಅಂಬರ್ ಆಗಿದ್ದರೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲಿ ಅದರ ಅಧ್ಯಯನ ನಡೆಯುತ್ತದೆ. ಹೊಸ ಪ್ರಭೇದ ಎಂದು ಹೆಸರಿಡಬೇಕಾದರೆ ಆ ಮೂಲ ಮಾದರಿ ಸಾರ್ವಜನಿಕ ಸಂಗ್ರಹಾಲಯದಲ್ಲಿರಬೇಕು ಎಂಬುದು ವಿಜ್ಞಾನಿಗಳ ಪದ್ಧತಿ, ಅಂಥ ತುಂಡನ್ನು ಬಿಟ್ಟುಕೊಡಲು ಸಿದ್ಧರಿರಬೇಕು.

ವರ್ಷಕ್ಕೊಮ್ಮೆ ಚೀಲ ತೆರೆದು ಓರೆ ಬೆಳಕಿನಲ್ಲಿ ನೋಡಿ. ಮಂಕು ಮಾತ್ರ ಕವಿದಿದ್ದರೆ ಪಂಚೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಕೂದಲೆಳೆ ಬಿರುಕಿನ ಬಲೆ ಶುರುವಾಗಿದ್ದರೆ 1500, 2000, ಆಮೇಲೆ ಸೀರಿಯಂ, ಇಷ್ಟೇ ಸಾಕು. ಆದರೆ ಪ್ರತಿ ಸಲವೂ ಕೀಟದ ಮೇಲಿನ ದಪ್ಪ ಸ್ವಲ್ಪ ಸವೆಯುತ್ತದೆ, ಉಳಿದ ಮಿಲಿಮೀಟರನ್ನು ಅಳೆದು ಅದೇ ಚೀಟಿಯಲ್ಲಿ ಬರೆದಿಡಿ.